ಅಷ್ಟಮಿಯ ಕಡ್ಡಿಪಲ್ಯ

ಜೋಹರಾಳ ಹಿತ್ತಲಲ್ಲಿ ಹದಿನೆಂಟು ಆಸ್ಪರಾಗಸ್ ಗಿಡಗಳಿದ್ದವು. ಬೆಳಗಾವಿಯ ಇಡೀ ಅನಗೋಳದಲ್ಲಿ ಆ ಹೆಸರನ್ನು ನೆಟ್ಟಗೆ ಹೇಳುವವರು ಇಬ್ಬರೂ ಸಿಗುತ್ತಿರಲಿಲ್ಲವಾದ್ದರಿಂದ ಓಣಿಯವರು ಕಡ್ಡಿಪಲ್ಯ ಎಂದು ಕರೆದು ಕೈತೊಳೆದುಕೊಂಡಿದ್ದರು. ಹೆಸರೇನೂ ತಪ್ಪಲ್ಲ. ಚಳಿ ಕಳೆದು ಬಿಸಿಲು ಏರುತ್ತಿದ್ದಂತೆ ನೆಲ ಸೀಳಿಕೊಂಡು ಹಸಿರು ಕಡ್ಡಿಗಳು ಮೇಲೆ ಬರುತ್ತವೆ. ಎಲೆಯಿಲ್ಲ, ಕೊಂಬೆಯಿಲ್ಲ, ತುದಿಗೆ ಮುಚ್ಚಿದ ಮೊಗ್ಗಿನಂಥ ತಲೆ ಅಷ್ಟೇ. ಗೇಣುದ್ದ ಆದ ಕೂಡಲೇ ಕೊಯ್ಯಬೇಕು. ನಾಳೆ ನೋಡೋಣ ಎಂದು ಮಲಗಿದರೆ ಮುಗಿಯಿತು. ಮರುದಿನ ತಲೆ ಬಿಚ್ಚಿ, ನಾರು ತುಂಬಿ, ದನವೂ ಮೂಸಿ ನೋಡದಂತಾಗಿರುತ್ತದೆ. ಹೀಗೆ ಆರು ವಾರ ಕೊಯ್ದ ಮೇಲೆ ಕೈಕಟ್ಟಿ ಕೂಡಬೇಕು. ಉಳಿದ ಕಡ್ಡಿಗಳು ಪೊದೆಯಾಗಿ ಬೆಳೆದರೇ ಬೇರಿಗೆ ಮುಂದಿನ ವರ್ಷದ ಶಕ್ತಿ.

ಬೀಜ ಕೊಟ್ಟವಳು ಸುಂದರಾಬಾಯಿ. ಅವಳೂ ಜೋಹರಾಳೂ ಮೂವತ್ತು ವರ್ಷ ಒಂದೇ ಗೋಡೆಯ ಆಚೆ ಈಚೆ ಬಾಳಿದವರು. ಸುಂದರಾಬಾಯಿಯ ಗಂಡ ಬಾಪುಸಾಹೇಬರು ನಿವೃತ್ತರಾದ ಮೇಲೆ ಇಬ್ಬರೂ ಖಾನಾಪುರಕ್ಕೆ, ಮಗ ಸಂಯಮನ ಮನೆಗೆ ಹೋದರು. ಸಂಯಮ ಗೋವಾದ ಹೋಟೆಲುಗಳಿಗೆ ಕೊಡೋಣವೆಂದು ಹೊಲದಲ್ಲಿ ಈ ಕಡ್ಡಿಪಲ್ಯ ಹಚ್ಚಿದ್ದ. ಖಾನಾಪುರದ ಮಳೆ ಯಾರ ಲೆಕ್ಕಾಚಾರವನ್ನೂ ಕೇಳುವುದಿಲ್ಲ. ಎರಡು ಮಳೆಗಾಲಕ್ಕೆ ಬೇರೆಲ್ಲ ಕೊಳೆತವು. ಉಳಿದ ಕೆಂಪು ಹಣ್ಣುಗಳಿಂದ ಬೀಜ ಬಿಡಿಸಿ ಸುಂದರಾಬಾಯಿ ಗೆಳತಿಗೆ ಕೊಟ್ಟಿದ್ದಳು. ಜೋಹರಾ ಅವನ್ನು ಹಾಕಿ, ಮೊದಲ ವರ್ಷ ಮುಟ್ಟದೆ, ಎರಡನೆಯ ವರ್ಷ ಮುಟ್ಟದೆ, ಮೂರನೆಯ ವರ್ಷ ನಾಲ್ಕು ಕಡ್ಡಿ ಕೊಯ್ದು, ಈ ನಾಲ್ಕನೆಯ ವರ್ಷ ಬುಟ್ಟಿ ಹಿಡಿದು ನಿಂತಿದ್ದಳು. ಅಷ್ಟು ತಾಳ್ಮೆ ಅವಳು ಗಂಡ ಸಮದನ ಮೇಲೂ ತೋರಿಸಿದ್ದಿಲ್ಲ.

ಈಗ ಒಂದು ಮಾತು ಹೇಳಲೇಬೇಕು. ಆ ಮೂವತ್ತು ವರ್ಷದಲ್ಲಿ ಸುಂದರಾಬಾಯಿ ಜೋಹರಾಳ ಮನೆಯಲ್ಲಿ ಒಂದು ತುತ್ತು ಉಂಡವಳಲ್ಲ. ಜೋಹರಾಳ ಬಾಣಂತನದಲ್ಲಿ ಹನ್ನೆರಡು ದಿನ ಬಂದು ಕೂಸಿಗೆ ಎಣ್ಣೆ ತಿಕ್ಕಿದಳು, ಉಣ್ಣಲಿಲ್ಲ. ಮಗಳು ಜನ್ನತಳ ಮದುವೆಗೆ ಸೀರೆ ತಂದು, ಮುಂದೆ ನಿಂತು ಓಡಾಡಿ, ಕೊನೆಗೆ ಒಂದು ಬಾಳೆಹಣ್ಣನ್ನು ತಾನೇ ಸುಲಿದು ತಿಂದಳು. ಜೈನರ ಮನೆಯ ಶಿಸ್ತು ಅದು, ಗಡ್ಡೆಗೆಣಸು ಮುಟ್ಟದ, ಹೊತ್ತು ಮುಳುಗಿದ ಮೇಲೆ ನೀರೂ ಕುಡಿಯದ ಮನೆ. ಜೋಹರಾಳಿಗೆ ಅದೆಲ್ಲ ಗೊತ್ತಿತ್ತು, ಸಿಟ್ಟೂ ಇರಲಿಲ್ಲ. ಆದರೆ ಆ ಬಾಳೆಹಣ್ಣನ್ನು ಅವಳು ಮರೆತಿರಲಿಲ್ಲ. ಗೊತ್ತಿದ್ದ ಮಾತ್ರಕ್ಕೆ ನೋವಾಗುವುದಿಲ್ಲ ಎಂದು ಯಾರು ಹೇಳಿದರು?

ಆ ಮಾಘದಲ್ಲಿ ಫೋನಿನಲ್ಲಿ ಮಾತಾಡುವಾಗ ಸುಂದರಾಬಾಯಿ ಅಂದಳು: "ಅಷ್ಟಮಿ, ಚತುರ್ದಶಿ ಬಂದ್ರ ಹಸಿರು ಮುಟ್ಟಂಗಿಲ್ಲ ನೋಡ. ಬರೇ ಬ್ಯಾಳಿ, ಬರೇ ಅನ್ನ. ತಿಂಗಳಿಗೆ ನಾಕ ದಿನಾ ನಾಲಿಗಿ ಸತ್ತ ಹೋಗತೈತಿ."

"ಒಣಗಿಸಿದ್ದು ನಡೀತೈತೇನು, ಸುಂದರಕ್ಕಾ?"

"ನಮ್ಮ ಮನ್ಯಾಗ ನಡೀತೈತಿ. ಒಣಗಿದ ಮ್ಯಾಲೆ ಅದು ಹಸಿರಲ್ಲ."

ಜೋಹರಾ ಕೇಳಿಬಿಟ್ಟಳು. "ನಾ ಒಣಗಿಸಿ ಕೊಟ್ರ ಉಣ್ಣತೀಯೇನು?"

ಸಂಪರ್ಕ ಕಡಿಯಿತೇನೋ ಎಂದು ಜೋಹರಾ ಫೋನನ್ನು ಕಿವಿಯಿಂದ ತೆಗೆದು ನೋಡಿದಳು.

"ಹೊಸಾ ಪಾತೇಲಿ ಇರಬೇಕು," ಎಂದಳು ಸುಂದರಾಬಾಯಿ ನಿಧಾನವಾಗಿ. "ನೀರು ಸೋಸಿರಬೇಕು. ಹೊತ್ತು ಮುಳುಗೂದರಾಗ ಎತ್ತಿ ಇಡಬೇಕು. ಇಷ್ಟ ಮಾಡಿದ್ರ ಉಣ್ಣತೇನಿ."

ತಿಂಗಳಿಗೆ ನಾಲ್ಕು ದಿನವೆಂದರೆ ವರ್ಷಕ್ಕೆ ನಲವತ್ತೆಂಟು. ಜೋಹರಾ ಅಂದೇ ನಿರ್ಧರಿಸಿದಳು: ನಲವತ್ತೆಂಟು ಕಟ್ಟು.

ಸೊಸೆ ಮರಿಯಮ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಎಲ್ಲದಕ್ಕೂ ಉಪಾಯ ಹೇಳುವವಳು. ಫ್ರೀಜರಿನಲ್ಲಿ ಇಡೋಣ ಎಂದಳು. ಫ್ರೀಜರಿನಲ್ಲಿ ಮೀನಿತ್ತು, ಮೇಲಾಗಿ ಅಲ್ಲಿಟ್ಟ ಹಸಿರು ಹಸಿರಾಗಿಯೇ ಉಳಿಯುತ್ತದೆ. ವಿನೆಗರಿನಲ್ಲಿ ಹಾಕಿ ಬಾಟಲಿ ತುಂಬೋಣ ಎಂದಳು. ಹುಳಿ ಬರಿಸಿದ್ದನ್ನು ಸುಂದರಾಬಾಯಿ ಹೊಸ್ತಿಲ ಒಳಗೆ ಬಿಡುವುದಿಲ್ಲ. ಉಳಿದದ್ದು ಬಿಸಿಲೊಂದೇ. ಮೊದಲ ಬುಟ್ಟಿಯನ್ನು ಜೋಹರಾ ಹಾಗೆಯೇ ಹರವಿದಳು. ಮೂರು ದಿನಕ್ಕೆ ಕಂದಾಗಿ ಸೆಟೆದುಕೊಂಡಿತು.

"ಅಂಗಳ ಗುಡಸಾಕ ಚಲೋ ಅದಾವು," ಎಂದ ಸಮದ, ಒಂದನ್ನು ಎತ್ತಿ ಹಲ್ಲು ಕೆದಕಿಕೊಳ್ಳುತ್ತ.

"ಕುದಿಯೂ ನೀರಾಗ ಎರಡ ಮಿನಿಟ್ ಅದ್ದಿ, ತಕ್ಷಣ ತಣ್ಣೀರಿಗೆ ಹಾಕ್ರಿ ಅಮ್ಮಿ. ಆಮ್ಯಾಲೆ ಒಣಗಿಸ್ರಿ. ಬಣ್ಣಾ ನಿಲ್ಲತೈತಿ," ಎಂದಳು ಮರಿಯಮ. ಈ ಸಲದ ಉಪಾಯ ಉಪಯೋಗಕ್ಕೆ ಬಂತು.

ಜೋಹರಾ ಪೇಟೆಯಿಂದ ಹೊಸ ಸ್ಟೀಲಿನ ಪಾತೇಲಿ ತಂದಳು. ಸುಂದರಾಬಾಯಿ ಗೋಡೆಯಾಚೆ ಮೂವತ್ತು ವರ್ಷ ಸೋಸಿದ ಹಾಗೆಯೇ, ಹೊಸ ಮಲಮಲ್ ಬಟ್ಟೆಯನ್ನು ಎರಡು ಮಡಿಕೆ ಮಾಡಿ ನೀರು ಸೋಸಿದಳು. ಕಡ್ಡಿಗಳನ್ನು ಉದ್ದಕ್ಕೆ ಸೀಳಿ, ಬೆರಳುದ್ದ ಕತ್ತರಿಸಿ, ಅದ್ದಿ ತೆಗೆದು, ಮಾಳಿಗೆಯ ಮೇಲೆ ಬಿಳಿ ಬಟ್ಟೆಯಲ್ಲಿ ಹರವಿದಳು. ಬಾಜೂ ಮನೆಯ ಕೋಳಿಗಳು ಆ ಕಡೆ ಸುಳಿಯದಂತೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಸಂಜೆ ಐದಾದರೆ ಮಾಳಿಗೆಗೆ ಓಡುವಳು. ಮೊಣಕಾಲು ನೋವು ಎಲ್ಲಿ ಹೋಗಿತ್ತೋ. ಮುರಿದರೆ ಚಟ್ಟನೆ ಸದ್ದಾಗಬೇಕು, ಬಾಗಿದರೆ ಇನ್ನೂ ಒಂದು ದಿನ ಬಿಸಿಲು. ಹೊಲಿಗೆಯ ದಾರದಿಂದ ಕಟ್ಟು ಕಟ್ಟಿ, ಹೊಸ ಡಬ್ಬಿಯಲ್ಲಿ ಜೋಡಿಸುತ್ತ ಹೋದಳು. ಐದು ವಾರಕ್ಕೆ ನಲವತ್ತೆಂಟಾಯಿತು.

ಅಷ್ಟಮಿಯ ಬೆಳಿಗ್ಗೆ, ಮರಿಯಮಳಿಗೆ ರಜೆ ಇದ್ದುದರಿಂದ ಅತ್ತೆ ಸೊಸೆ ಇಬ್ಬರೂ ಬೆಳಗಾವಿ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಹತ್ತಿದರು. ಸುಂದರಾಬಾಯಿಗೆ ಫೋನು ಹೋಗಿತ್ತು. "ಬ್ಯಾಳಿ ಇಟ್ಟಿರತೇನಿ, ಲಗೂನ ಬಾ," ಎಂದಿದ್ದಳು. ದೇಸೂರು ದಾಟಿದ ಮೇಲೆ ಡಬ್ಬಿಯ ಮುಚ್ಚಳ ಗಡಗಡ ಅನ್ನತೊಡಗಿತು. ಸರಿಯಾಗಿ ಕೂಡಿಸೋಣವೆಂದು ಜೋಹರಾ ಮುಚ್ಚಳ ತೆಗೆದು ಒಳಗೆ ಬೆರಳು ಆಡಿಸಿದಳು. ಕಟ್ಟುಗಳ ನಡುವೆ ಏನೋ ಗುಂಡಗಿನದು ತಾಗಿತು. ಹೊರಗೆ ತೆಗೆದು ನೋಡಿದರೆ ಬೆಳ್ಳುಳ್ಳಿ.

ಅವಳು ಗಡಬಡಿಸಿ ಇನ್ನೊಂದು ಮೂಲೆಗೆ ಕೈ ಹಾಕಿದಳು, ಅಲ್ಲೊಂದು. ತಳದಲ್ಲಿ ಎರಡು.

ಯಾರೂ ಮೋಸ ಮಾಡಿರಲಿಲ್ಲ, ಅವಳ ಕೈಯೇ ಮಾಡಿತ್ತು. ಅಕ್ಕಿಯ ಡಬ್ಬಿಗೆ, ಬೇಳೆಯ ಡಬ್ಬಿಗೆ, ಶ್ಯಾವಿಗೆಯ ಡಬ್ಬಿಗೆ ಹುಳ ಬೀಳದಿರಲೆಂದು ಬೆಳ್ಳುಳ್ಳಿ ಇಡುವುದು ಅವಳ ತಾಯಿ ಕಲಿಸಿದ್ದು. ನಲವತ್ತು ವರ್ಷ ಇಟ್ಟ ಕೈ, ಈ ಡಬ್ಬಿ ಯಾರದೆಂದು ಕೇಳದೆ ಇಟ್ಟುಬಿಟ್ಟಿತ್ತು. ಪಾತೇಲಿ ಹೊಸದು, ನೀರು ಸೋಸಿದ್ದು, ಬಟ್ಟೆ ಹೊಸದು. ನಡುವೆ ಸುಂದರಾಬಾಯಿ ಜನ್ಮದಲ್ಲಿ ಮುಟ್ಟದ ಗಡ್ಡೆ. ಜೋಹರಾಳಿಗೆ ಅಳು ಬಂತು, ತನ್ನ ಮೇಲೇ ಸಿಟ್ಟೂ ಬಂತು.

ಮರಿಯಮ ಅತ್ತೆಯ ಅಂಗೈ ನೋಡಿ, ಮುಖ ನೋಡಿ, ಕಿಟಕಿಯ ಕಡೆ ನೋಡಿದಳು.

"ಒಗೀರಿ ಅಮ್ಮಿ. ಸಿಪ್ಪಿ ಸೈತ ಬಿಚ್ಚಿಲ್ಲ, ವಾಸನಿ ಹಿಡದಿಲ್ಲ. ಯಾರಿಗೆ ಗೊತ್ತಾಗತೈತಿ?"

ಮಾತು ಖರೆ. ಕಟ್ಟೊಂದನ್ನು ಮೂಗಿಗೆ ಹಿಡಿದರೆ ಬಿಸಿಲಿನ ವಾಸನೆಯೇ ಹೊರತು ಬೇರೇನಿಲ್ಲ. ನಾಲ್ಕು ಗಡ್ಡೆ ಕಿಟಕಿಯಿಂದ ಆಚೆ ಬಿದ್ದರೆ ಆಯಿತು, ಇವತ್ತೇ ಸುಂದರಾಬಾಯಿ ಉಣ್ಣುತ್ತಾಳೆ, ವರ್ಷವಿಡೀ ಉಣ್ಣುತ್ತಾಳೆ. ಹೇಳಿದರೆ ಉಣ್ಣುವುದಿಲ್ಲ. ಇವತ್ತಷ್ಟೇ ಅಲ್ಲ, ಇನ್ನೆಂದೂ ಉಣ್ಣಲಿಕ್ಕಿಲ್ಲ. ಮೂವತ್ತು ವರ್ಷ ಉಣ್ಣದೆ ಇದ್ದದ್ದೇ ಸರಿ ಎಂದು ಅವಳಿಗೆ ತೋರಿಸಿಕೊಟ್ಟ ಹಾಗಾಗುತ್ತದೆ. ಇದಲಹೊಂಡ ಸ್ಟೇಷನ್ ಬಂತು, ಹೋಯಿತು. ಜೋಹರಾ ಮುಷ್ಟಿ ಬಿಚ್ಚಲಿಲ್ಲ. ಖಾನಾಪುರ ಬಂದಾಗ ಬೆಳ್ಳುಳ್ಳಿಗಳನ್ನು ಎಲ್ಲಿದ್ದವೋ ಅಲ್ಲಿಯೇ ಇಟ್ಟು ಮುಚ್ಚಳ ಹಾಕಿದಳು.

ಸಂಯಮನ ಮನೆ ಬಸ್ ಸ್ಟ್ಯಾಂಡಿನ ಹಿಂದೆ. ಸುಂದರಾಬಾಯಿ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬೇಳೆ ಕುದಿಯುತ್ತಿದ್ದ ವಾಸನೆ. ಹಿತ್ತಾಳೆಯ ಸಣ್ಣ ಪಾತ್ರೆಯೊಂದನ್ನು ತಿಕ್ಕಿ, ಒಲೆಯ ಪಕ್ಕ ಬೇರೆಯಾಗಿಯೇ ಇಟ್ಟಿದ್ದಳು. ಅದು ಕಡ್ಡಿಪಲ್ಯ ನೆನೆಹಾಕುವುದಕ್ಕೆಂದು ಕೇಳದೆಯೇ ತಿಳಿಯುತ್ತಿತ್ತು. ಆ ಪಾತ್ರೆ ನೋಡಿ ಜೋಹರಾ ಡಬ್ಬಿಯನ್ನು ಎದೆಗವಚಿಕೊಂಡಳು.

"ಬರ್ರಿ, ಕುಂದರ್ರಿ," ಎಂದು ಬಾಪುಸಾಹೇಬರು ಕುರ್ಚಿ ತೋರಿಸಿ ಪೇಪರಿನ ಹಿಂದೆ ಮರೆಯಾದರು.

ಸುಂದರಾಬಾಯಿ ಡಬ್ಬಿಗೆ ಕೈ ಚಾಚಿದಳು. ಜೋಹರಾ ಕೊಡಲಿಲ್ಲ.

"ತಡಿ ಸುಂದರಕ್ಕಾ. ಇದರಾಗ ಬಳ್ಳೊಳ್ಳಿ ಐತಿ."

"ಏನು?"

"ಬಳ್ಳೊಳ್ಳಿ. ಹುಳಾ ಹತ್ತಬಾರದಂತ ಇಟ್ಟೇನಿ. ಬೇಕಂತ ಅಲ್ಲ, ಕೈ ರೂಢಿ. ರೈಲಿನ್ಯಾಗ ನೋಡಿದೆ." ಜೋಹರಾ ಡಬ್ಬಿಯ ಮುಚ್ಚಳ ತೆಗೆದು ನೆಲದ ಮೇಲಿಟ್ಟಳು.

ಸುಂದರಾಬಾಯಿ ಬಗ್ಗಿ ನೋಡಿದಳು. ಬಿಳಿ ದಾರ ಕಟ್ಟಿದ, ಒಂದೇ ಅಳತೆಯ ಹಸಿರು ಕಟ್ಟುಗಳು, ನಡುವೆ ಬೆಳ್ಳುಳ್ಳಿ. ಆಮೇಲೆ ಎದ್ದು ಒಳಗೆ ಹೋಗಿ, ತಿಕ್ಕಿಟ್ಟಿದ್ದ ಹಿತ್ತಾಳೆಯ ಪಾತ್ರೆಯನ್ನು ಗೂಡಿನಲ್ಲಿ ಬೋರಲು ಹಾಕಿದಳು. ಆ ಸದ್ದು ಜೋಹರಾಳಿಗೆ ಹೊರಗೆ ಕೇಳಿಸಿತು. ಇಷ್ಟೇ, ಮುಗಿಯಿತು ಎಂದುಕೊಂಡಳು.

ಸುಂದರಾಬಾಯಿ ಹೊರಗೆ ಬಂದು ಎದುರಿಗೆ ಕುಳಿತಳು. "ನೀ ಇವನ್ನ ತಗದ ಒಗದು ಹೇಳದಿದ್ರ ನಾ ಉಣ್ಣತಿದ್ದೆ," ಎಂದಳು.

"ಅದಕ್ಕ ಹೇಳಿದೆ."

"ಮೂವತ್ತ ವರ್ಷ ನಿನ್ನ ಮನ್ಯಾಗ ಯಾಕ ಉಣ್ಣಲಿಲ್ಲ ನಾನು, ಗೊತ್ತೈತೇನು? ಮಂದಿ ಅಂತಾರು, ಧರ್ಮಾ ಅಂತ. ಧರ್ಮಾ ಇತ್ತು. ಆದ್ರ ಅದಕಿಂತ ಹೆಚ್ಚು ಅಂಜಿಕಿ. ಏನರೆ ಬಿದ್ದಿರತೈತಿ, ಇಕಿ ನನ್ನ ಮನಸ ನೋಯಬಾರದಂತ ಹೇಳೂದಿಲ್ಲ, ನಾ ತಿಳೀದ ಉಣ್ಣತೇನಿ, ಅಂತ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಈಗ ತಿಳೀತ. ಬಿದ್ದಿದ್ರ ನೀನ ಹೇಳತಿ."

ಜೋಹರಾ ಡಬ್ಬಿಗೆ ಮುಚ್ಚಳ ಹಾಕಿದಳು. ಮರಿಯಮ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ರೈಲಿನ ಕಿಟಕಿ ಅವಳಿಗೆ ನೆನಪಾಗಿರಬೇಕು.

"ಹಿತ್ತಲದಾಗ ಇನ್ನ ಎಷ್ಟ ಅದಾವು?" ಎಂದು ಕೇಳಿದಳು ಸುಂದರಾಬಾಯಿ.

"ಇನ್ನೊಂದ ವಾರ ಕೊಯ್ಯಬಹುದು. ಆಮ್ಯಾಲೆ ಬಿಡಬೇಕು."

"ಚತುರ್ದಶಿಗೆ ಇನ್ನ ಆರ ದಿನಾ ಐತಿ. ನಾಳೆ ಬರತೇನಿ. ಮಲಗಾಕ ರಾಮತೀರ್ಥ ನಗರದಾಗ ನೇತ್ರಾ ಮನಿ ಐತಿ." ನೇತ್ರಾ ಎಂದರೆ ಬೆಳಗಾವಿಯಲ್ಲೇ ಇರುವ ಸುಂದರಾಬಾಯಿಯ ಮಗಳು. "ಹಗಲೆಲ್ಲಾ ನಿನ್ನ ಹಿತ್ತಲದಾಗ. ನೀ ಒಣಗಿಸು, ನಾ ಬಾಜೂಕ ಕುಂದರತೇನಿ. ಡಬ್ಬಿಗೆ ಏನ ಇಡಬೇಕಂತ ನಾ ಹೇಳತೇನಿ."

"ಏನ ಇಡಬೇಕು?"

"ಬೇವಿನ ಎಲಿ, ಹುಚ್ಚಿ."

ಆ ದಿನ ಸುಂದರಾಬಾಯಿ ಬರೀ ಬೇಳೆ, ಬರೀ ಅನ್ನವನ್ನೇ ಉಂಡಳು. ನಲವತ್ತೆಂಟು ಕಟ್ಟುಗಳು ಬಂದ ರೈಲಿನಲ್ಲೇ ಅನಗೋಳಕ್ಕೆ ಮರಳಿದವು; ಸಮದ ಅವನ್ನು ಖೀಮಾದೊಂದಿಗೆ ತಿಂದು, ಅಂಗಳ ಗುಡಿಸುವ ಮಾತನ್ನು ವಾಪಸು ತೆಗೆದುಕೊಂಡ.

ಮರುದಿನ ಸುಂದರಾಬಾಯಿ ತನ್ನ ಹಿತ್ತಾಳೆಯ ಪಾತ್ರೆ, ಸೋಸುವ ಬಟ್ಟೆ, ಒಂದು ತಾಟು ಹಿಡಿದು ಆಟೋದಿಂದ ಇಳಿದಳು. ಐದು ದಿನ ಗೆಳತಿಯರಿಬ್ಬರೂ ಹಿತ್ತಲಲ್ಲಿ ಕುಳಿತು ಕಡ್ಡಿ ಸೀಳಿದರು, ಅದ್ದಿದರು, ಹರವಿದರು. ಕಟ್ಟು ದಪ್ಪವಾಯಿತು, ತೆಳ್ಳಗಾಯಿತು ಎಂದು ಗಂಟಲು ಹರಿಯುವಂತೆ ವಾದ ಮಾಡಿದರು. ಈ ಸಲ ಸಿಕ್ಕಿದ್ದು ಹನ್ನೊಂದೇ ಕಟ್ಟು. ನಡುವೆ ಸುಂದರಾಬಾಯಿ ಜೋಹರಾಳ ಕೈಯ ಚಹಾ ಕುಡಿಯಲಿಲ್ಲ, ಜೋಹರಾ ಕೇಳಲೂ ಇಲ್ಲ.

ಚತುರ್ದಶಿಯ ದಿನ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಒಲೆ ಮಾಡಿದರು. ಬೇಳೆಯೂ ಅನ್ನವೂ ಬೆಂದು ಇಳಿದವು. ನೆನೆಸಿದ ಕಟ್ಟೊಂದನ್ನು ಸುಂದರಾಬಾಯಿ ಎಣ್ಣೆ, ಜೀರಿಗೆಯಲ್ಲಿ ಒಗ್ಗರಿಸಿ, ತನ್ನ ಹಿತ್ತಾಳೆಯ ಪಾತ್ರೆಯಲ್ಲಿ ಬೇಯಿಸಿದಳು. ಜೋಹರಾ ದೂರ ಕುಳಿತು ಗಾಳಿ ಬೀಸಿಕೊಳ್ಳುತ್ತಿದ್ದಳು. ಹೊತ್ತು ಇಳಿಯುವ ಮುಂಚೆ ಸುಂದರಾಬಾಯಿ ಒಲೆಯ ಪಕ್ಕದಿಂದ ಎದ್ದು, ಮಣೆಯ ಮೇಲೆ ಕುಳಿತು, ತಾಟನ್ನು ಮುಂದಿಟ್ಟುಕೊಂಡಳು.

"ಜೋಹರಾ, ಅಲ್ಲಿ ಯಾಕ ಕುಂತೀದಿ? ಕೈ ತೊಳಕೊಂಡ ಬಾ."

ಜೋಹರಾ ಬಂದಳು.

"ಬಡಸು."

ಜೋಹರಾ ಸೌಟು ಹಿಡಿದಳು. ನಲವತ್ತು ವರ್ಷ ಯಾರನ್ನೂ ಕೇಳದೆ ಕೆಲಸ ಮಾಡಿದ ಆ ಕೈ ಈಗ ಒಂದೊಂದು ಸೌಟನ್ನೂ ಅಳೆದು ಎತ್ತಿತು. ಅನ್ನ ಬಡಿಸಿದಳು, ಬೇಳೆ ಬಡಿಸಿದಳು, ತಾಟಿನ ಮೂಲೆಗೆ ಒಂದಿಷ್ಟು ಕಡ್ಡಿಪಲ್ಯ ಹಾಕಿ ಹಿಂದೆ ಸರಿದಳು. ಸುಂದರಾಬಾಯಿ ಒಂದು ತುತ್ತು ಕಲಸಿ ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ ಅಗಿದು, ನುಂಗಿ, ತಾಟನ್ನು ಮತ್ತೆ ಜೋಹರಾಳ ಕಡೆ ಸರಿಸಿದಳು.

"ಇಷ್ಟ ಏನ? ಮೂವತ್ತ ವರ್ಷದ್ದು ಬಾಕಿ ಐತಿ. ಇನ್ನೊಂದಿಷ್ಟ ಹಾಕು."