ಓಬಕ್ಕನ ಕೈ ಅನ್ನ

ಹೊಳಲ್ಕೆರೆ ಬಸ್‌ಸ್ಟ್ಯಾಂಡಿನಲ್ಲಿ "ದುರ್ಗ, ದುರ್ಗ" ಎಂದು ಕೂಗಿ ಖಾಸಗಿ ಬಸ್ಸಿಗೆ ಜನ ಹತ್ತಿಸುವ ಮೂರ್ತಪ್ಪ, ಹೆಂಡತಿಯ ಕೈಯಲ್ಲಿ ಉಂಡು ಎರಡು ವರ್ಷವಾಗಿತ್ತು. ಓಬಕ್ಕ ಅನ್ನದಲ್ಲಿ ಮದ್ದು ಹಾಕಿದ್ದಾಳೆ ಎಂಬುದು ಮಹಾಶಯನ ತೀರ್ಮಾನ. ನೂರು ಹೆಜ್ಜೆ ನಡೆದರೆ ಕುಂಡಿಯಿಂದ ತೊಡೆಯವರೆಗೆ ಹಿಂಡಿದಂತಾಗುತ್ತಿತ್ತು, ನಿಂತರೆ ಬಿಡುತ್ತಿತ್ತು. ಹಾಸಿಗೆಯ ವಿಷಯವಂತೂ ಗಂಡಸು ಬಾಯಿಬಿಟ್ಟು ಹೇಳುವಂಥದ್ದಲ್ಲ. ಐವತ್ತೆರಡಕ್ಕೇ ಹೀಗಾಗಬೇಕಾದರೆ ಯಾರೋ ಏನೋ ಮಾಡಿಸಿರಲೇಬೇಕು! ದಿನಕ್ಕೆ ಎರಡು ಕಟ್ಟು ಸೇದುವ ಬೀಡಿಯ ಮೇಲೆ ಮಾತ್ರ ಅವನಿಗೆ ಅನುಮಾನ ಬರಲಿಲ್ಲ.

ಹಿರೇಗುಂಟನೂರಿನ ಕಡೆ ಮದ್ದು ತೆಗೆಯುವ ಹುಚ್ಚಕ್ಕ ಎಂಬವಳು ಯಾವುದೋ ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿದಳು. ಅದರಲ್ಲಿ ಕರ್ರಗಿನ ಚೂರೊಂದನ್ನು ಕಡ್ಡಿಯಿಂದ ಎತ್ತಿ, "ನೋಡಪ್ಪ, ನಿಮ್ಮನೆ ಹೆಣ್ಣಿಂದೇ ಕೈ" ಎಂದಳು. ಬೆಳಿಗ್ಗೆ ತಾನೇ ಜಗಿದಿದ್ದ ಅಡಿಕೆಯ ನೆನಪು ಅವನಿಗೆ ಬರಲಿಲ್ಲ.

ಅವತ್ತು ಓಬಕ್ಕನ ಅಣ್ಣ ಮುದ್ದಣ್ಣ ತಾಳ್ಯದಿಂದ ಬಂದು ಊಟಕ್ಕೆ ಕೂತಿದ್ದ. ಮೂರ್ತಪ್ಪ ಅವನೆದುರೇ ತಟ್ಟೆ ತಳ್ಳಿದ.

"ಭಾವ, ನಿನ್ ತಂಗಿ ನಂಗೆ ಮದ್ದು ಹಾಕ್ಯಾಳೆ. ಇನ್ನು ಇವಳ ಕೈಯಾಗೆ ಉಣ್ಣಂಗಿಲ್ಲ."

ಮುದ್ದಣ್ಣ ಕೈ ತೊಳೆದು ಎದ್ದುಹೋದವನು ಮತ್ತೆ ಆ ಮನೆ ಹೊಸಿಲು ತುಳಿಯಲಿಲ್ಲ. ಓಬಕ್ಕ ಮಾತ್ರ, ಗಂಡ ಹೋಟೆಲಿನಲ್ಲಿ ಉಂಡು ಬರುತ್ತಾನೆಂದು ಗೊತ್ತಿದ್ದೂ ದಿನಾ ಅವನ ಪಾಲಿನ ಅನ್ನ ಮುಚ್ಚಿಡುತ್ತಿದ್ದಳು.

ಈಗ ಕಾಲಿನ ಹೆಬ್ಬೆರಳಿನ ಗಾಯ ಮೂರು ತಿಂಗಳಾದರೂ ಮಾಯದೆ ಕಪ್ಪಿಟ್ಟಾಗ, ಬೈದು ದುರ್ಗದ ಆಸ್ಪತ್ರೆಗೆ ಎಳೆತಂದವಳೂ ಅವಳೇ. ಡಾಕ್ಟರು ಫರ್ಹಾನಾ ಸ್ಕ್ಯಾನ್ ಮಾಡಿಸಿ, ಪರದೆಯ ಮೇಲೆ ತೋರಿಸಿದರು.

"ಇಲ್ನೋಡ್ರಿ. ಕಾಲಿಗೆ ರಕ್ತ ಹೋಗೋ ನಾಳ ಸೊಂಟದೊಳಗೆ ಎರಡೂ ಕಡೆ ಕಟ್ಕೊಂಡೈತೆ. ತೊಡೆ ಸಂದಿಯಿಂದ ತಂತಿ ಬಿಟ್ಟು ಸ್ಟೆಂಟ್ ಇಡ್ತೀವಿ. ಸಣ್ಣ ಜಾಲರಿ ಕೊಳವೆ, ದಾರಿ ತೆರೆದಿಡತೈತೆ. ಇದು ಬೀಡಿ ಮಾಡಿದ ಕೆಲ್ಸ." ಆಮೇಲೆ ದನಿ ತಗ್ಗಿಸಿ ಕೇಳಿದರು, "ಗಂಡ ಹೆಂಡ್ತಿ ವಿಷ್ಯದಾಗೂ ತೊಂದ್ರೆ ಇತ್ತಾ?"

ಮೂರ್ತಪ್ಪ ನೆಲ ನೋಡಿದ. ಓಬಕ್ಕನೇ "ಹೂಂ ಮೇಡಂ" ಎಂದಳು.

"ಅದಕ್ಕೂ ಇದೇ ಕಾರಣ. ಅಲ್ಲಿಗೂ ರಕ್ತ ಇಲ್ಲಿಂದ್ಲೇ ಹೋಗೋದು."

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಮೂರ್ತಪ್ಪನಿಗೆ. ಪಕ್ಕದಲ್ಲಿ ನಿಂತವಳ ಕಡೆ ತಿರುಗುವ ಧೈರ್ಯ ಬರಲಿಲ್ಲ.

ಮರುದಿನ ಎರಡೂ ಕಡೆ ಸ್ಟೆಂಟ್ ಕೂತವು. ಎಷ್ಟೋ ಕಾಲದ ಮೇಲೆ ಪಾದ ಬೆಚ್ಚಗಾಯಿತು. ನರ್ಸಮ್ಮ ಬಂದು, "ಸಂಜೆ ತನಕ ಕಾಲು ಮಡಚಬ್ಯಾಡ್ರಿ, ತಲೇನೂ ಎತ್ತಬ್ಯಾಡ್ರಿ. ಅಮ್ಮ, ನೀವೇ ತಿನ್ನಿಸ್ರಿ" ಎಂದು ಹೋದಳು.

ಓಬಕ್ಕ ಬೆಳಿಗ್ಗೆ ಊರಿಗೆ ಹೋಗಿ ಮನೆಯಿಂದ ತಂದಿದ್ದ ಮೊಸರನ್ನದ ಡಬ್ಬಿ ಬಿಚ್ಚಿದಳು.

"ಲೇ, ನಾನು..." ಎಂದ ಮೂರ್ತಪ್ಪ.

ಅವಳು ಮೊದಲ ತುತ್ತನ್ನು ಅವನಿಗೆ ಕಾಣುವಂತೆ ತನ್ನ ಬಾಯಿಗೇ ಹಾಕಿಕೊಂಡಳು. ನಿಧಾನ ಅಗಿದು ನುಂಗಿದಳು. ಆಮೇಲೆ ಎರಡನೆಯದನ್ನು ಕಲಸಿ ಅವನ ತುಟಿಯ ಹತ್ತಿರ ಹಿಡಿದಳು.

"ಏನೂ ಹಾಕಿಲ್ಲ. ತಿನ್ರಿ."

ದನಿಯಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ.