ಕಾಯ್ತಾನ್ ಬಿದ್ದ ರೀತಿ

ಬಿದ್ದದ್ದು ನಿಜವೆಂದು ಇಡೀ ಸಭಾಂಗಣದಲ್ಲಿ ಎಲ್ವಿರೊ ಒಬ್ಬನಿಗೇ ಗೊತ್ತಾಯಿತು. ಮಿಕ್ಕವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ನಲವತ್ತೇಳು ವರ್ಷಗಳಿಂದ ಅವನ ಅಪ್ಪ ಕಾಯ್ತಾನ್ ಕೊಂಕಣಿಯ ತಿಯಾತ್ರ ನಾಟಕಗಳಲ್ಲಿ ಹೀಗೇ ಬೀಳುತ್ತಿದ್ದಾನೆ. ಯಾವ ಕಥೆಯಿರಲಿ, ಅವನು ಜಮೀನ್ದಾರನ ಮನೆಯ ಆಳು. ಸೂಪಿನ ಬಟ್ಟಲು ಹಿಡಿದು ಬರುತ್ತಾನೆ, ಜಾರುತ್ತಾನೆ. ಮಡಗಾಂವದಲ್ಲಿ ಇದನ್ನು ನೋಡಿ ನಗದವರಿಲ್ಲ. ಗುಟ್ಟು ಮಾತ್ರ ಮನೆಯವರದು: ನೆಲಕ್ಕೆ ಮೊದಲು ತಾಗುವುದು ಎಡ ಅಂಗೈ, ಪೆಟ್ಟೆಲ್ಲ ಅದೇ ತಡೆಯುತ್ತದೆ. ಚಿಕ್ಕಂದಿನಲ್ಲಿ ಅಂಗಳದಲ್ಲಿ ಆ ಅಭ್ಯಾಸ ನೋಡಿದ್ದ ಎಲ್ವಿರೊ, ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸತೊಡಗಿದ ಮೇಲೆ ಅಪ್ಪನ ಹೆಸರನ್ನೂ ಎತ್ತಿದವನಲ್ಲ.

ಇವತ್ತು ಬೆಳಿಗ್ಗೆ ಅಪ್ಪನಿಗೆ, ಸಾಕು ಬಿಟ್ಟುಬಿಡು ಎಂದಿದ್ದ. ವಯಸ್ಸು ಎಪ್ಪತ್ತೆರಡು. ಮೂಳೆ ಸವೆದಿದೆ, ಒಂದು ಪೆಟ್ಟಾದರೂ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿದ್ದರು. ಅಪ್ಪ ಪಾವನ್ನು ಚಹಾದಲ್ಲಿ ಅದ್ದುತ್ತ, ಬಂಗಡೆ ಮೀನು ಸಿಕ್ಕಿತೇ ಎಂದು ಕೇಳಿದ.

"ಪಾಯ್, ನಾನು ಹೇಳಿದ್ದು ಕೇಳಿಸ್ತಾ?"

"ಕೇಳಿಸ್ತು. ಇವತ್ತು ಮಧ್ಯಾಹ್ನದ ಆಟಕ್ಕೆ ಬಾ, ಮುಂದಿನ ಸಾಲಲ್ಲಿ ಕೂತ್ಕೋ. ಸಾಕು ಅನ್ನಿಸಿದ್ರೆ ಕೈ ಎತ್ತು ಪುತಾ. ಅಲ್ಲಿಗೇ ನಿಲ್ಲಿಸಿಬಿಡ್ತೀನಿ."

ಈಗ ರಂಗದ ಮೇಲೆ, ಚೆಲ್ಲಿದ ಸೂಪಿನಲ್ಲಿ ಅಪ್ಪನ ಅಂಗೈ ಜಾರಿತ್ತು. ಭುಜ ನೆಲಕ್ಕೆ ಬಡಿದ ಸದ್ದು ಮುಂದಿನ ಸಾಲಿಗೆ ಕೇಳಿಸಿತು.

"ವನ್ಸ್ ಮೋರ್!"

ಹಾಡಿಗೆ ಜನ ಹೀಗೆ ಕೇಳುವುದು ವಾಡಿಕೆ. ಬಿದ್ದದ್ದಕ್ಕೆ ಕೇಳಿದ್ದು ಇದೇ ಮೊದಲು. ಕೇಳಿದರೆ ಒಲ್ಲೆ ಎನ್ನುವಂತಿಲ್ಲ. ಕಾಯ್ತಾನ್ ಎದ್ದ, ಒಳಗೆ ಹೋದ, ಬಟ್ಟಲು ಹಿಡಿದು ಮತ್ತೆ ಬಂದ. ಈ ಸಲ ಅಂಗೈ ಊರುತ್ತಾನೆ ಎಂದುಕೊಂಡ ಎಲ್ವಿರೊ.

ಜಾರುವ ಮುನ್ನ ಅಪ್ಪ ಎಡಗೈಯನ್ನು ಎದೆಗೆ ಮಡಚಿಕೊಂಡ. ಅದೇ ಭುಜ. ಅದೇ ಸದ್ದು.

ಮೊದಲ ಸಲ ಕೈ ಜಾರಿ ಬಿದ್ದ ಆ ಒಂದು ಗಳಿಗೆಯಲ್ಲೇ ಮುದುಕನಿಗೆ ತಿಳಿದುಹೋಗಿತ್ತು: ಇಷ್ಟು ವರ್ಷ ಬಿದ್ದದ್ದು ಸುಳ್ಳು, ಇದೇ ಸರಿ. ಇಪ್ಪತ್ತು ವರ್ಷ ಸತ್ಯದ ಬಗ್ಗೆ ಪಾಠ ಹೇಳಿದ ಎಲ್ವಿರೊಗೆ ಮೈ ಜುಮ್ಮೆಂದಿತು. ಇಗರ್ಜಿಯಲ್ಲಿ ಮೊಣಕಾಲೂರಿದಾಗಲೂ ಅವನಿಗೆ ಹೀಗಾಗಿರಲಿಲ್ಲ. ಇವನು ಯಾರು? ಇವನ ಜೊತೆಗೇ ನಾನು ದಿನಾ ಊಟಕ್ಕೆ ಕೂರುತ್ತಿದ್ದೆನೇ?

"ವನ್ಸ್ ಮೋರ್!"

ಕಾಯ್ತಾನ್ ಮೆಲ್ಲನೆ ಎದ್ದು ಕುಳಿತ. ಜನರನ್ನು ನೋಡಲಿಲ್ಲ, ಮುಂದಿನ ಸಾಲನ್ನು ನೋಡಿದ. ವಾದ್ಯದವರೂ ಕಾದರು. ಕೈ ಎತ್ತಬೇಕು, ಅಷ್ಟೇ.

ಎಲ್ವಿರೊ ತನ್ನ ಕೈಗಳನ್ನು ನೋಡಿಕೊಂಡ. ಎಲ್ಲರ ಕೈಗಳ ಜೊತೆ ಅವೂ ಚಪ್ಪಾಳೆ ತಟ್ಟುತ್ತಿದ್ದವು. ಎಷ್ಟು ಹೊತ್ತಿನಿಂದಲೋ. ನಿಲ್ಲಿಸಲು ನೋಡಿದ, ನಿಲ್ಲಲಿಲ್ಲ.

ಅಪ್ಪ ಆಗಲಿ ಎಂಬಂತೆ ತಲೆಯಾಡಿಸಿದ. ಜೋತುಬಿದ್ದ ಎಡಗೈಯನ್ನು ಹಾಗೇ ಬಿಟ್ಟು, ಬಲಗೈಯಲ್ಲಿ ಬಟ್ಟಲು ಎತ್ತಿಕೊಂಡು, ಮತ್ತೆ ಬರಲೆಂದು ಪರದೆಯ ಹಿಂದೆ ಹೋದ.