ಸಭಾ ಮುಗಿಯೋತನಕ

ಸಿನಿಮಾದೊಳಗಿನ ಪಂಚಾಯತಿ ಅಧ್ಯಕ್ಷೆ ತನ್ನ ಕುರ್ಚಿಯಲ್ಲಿ ಕೂತಿದ್ದ ಗಂಡನನ್ನು ಹೆಸರು ಹಿಡಿದು ಕೂಗಿ, "ಏಳಯ್ಯಾ ಮೇಲೆ!" ಎಂದಳು. ಹುಮನಾಬಾದಿನ ಟಾಕೀಸಿನಲ್ಲಿ ಹೆಂಗಸರ ಕಡೆಯ ಬೆಂಚುಗಳೆಲ್ಲ ಅಲುಗಾಡಿದವು.

"ಯವ್ವಾ, ಗಂಡನ ಹೆಸರ ಹಿಡದು ಕರದಳ್ರೀ!" ಎಂದು ಯಾರೋ ಸೆರಗು ಬಾಯಿಗೆ ಒತ್ತಿಕೊಂಡರು. ಕಸ್ತೂರಿಬಾಯಿಯೂ ನಕ್ಕಳು. ಗಂಡಸರ ಕಡೆಯಿಂದ ಎಲ್ಲರಿಗಿಂತ ಜೋರಾಗಿ ಕೇಳಿಬರುತ್ತಿದ್ದ ನಗೆ ತನ್ನ ಗಂಡ ಮಹಾರುದ್ರಪ್ಪನದು ಎಂದು ಗುರುತು ಹತ್ತಿದ ಮೇಲೆ ಮಾತ್ರ ಅವಳ ನಗೆ ಅಲ್ಲೇ ನಿಂತಿತು.

ಆ ವರ್ಷವಷ್ಟೇ ಮಂಡಲ ಪಂಚಾಯತಿ ಬಂದಿತ್ತು. ಹೆಣ್ಣುಮಕ್ಕಳ ಸೀಟಿಗೆ ಅವಳನ್ನು ನಿಲ್ಲಿಸಿದವನು, ಗೆಲ್ಲಿಸಿದವನು, ಪಂಚಾಯತಿಯ ಮುಖ್ಯಸ್ಥೆ ಪ್ರಧಾನಳನ್ನಾಗಿ ಮಾಡಿದವನು ಮಹಾರುದ್ರಪ್ಪನೇ. ಅಂದಿನಿಂದ, ಸದಸ್ಯನಲ್ಲದಿದ್ದರೂ, ಸಭೆಯಲ್ಲಿ ಕುರ್ಚಿ ಅವನದು, ಪಕ್ಕದ ಸ್ಟೂಲು ಅವಳದು. ಸಹಿ ಮಾಡುವಾಗ ಮಾತ್ರ ಅವನು ಸ್ವಲ್ಪ ಸರಿದು ಜಾಗ ಕೊಡುತ್ತಿದ್ದ.

ಪಕ್ಕದಲ್ಲಿ ಕೂತಿದ್ದ ಕೆಳಗಿನ ಓಣಿಯ ಸರ್ದಾರಬಿ ಮೊಣಕೈಯಿಂದ ತಿವಿದಳು. "ನಾಳಿ ಮೀಟಿಂಗದಾಗ ನೀವೂ ಹಿಂಗೇ ಎಬ್ಬಸ್ರಿ, ಪ್ರಧಾನಬಾಯಿ."

"ಸುಮ್ಮಕ ಕೂಡು. ಅದು ಸಿನಿಮಾ ಅದ."

ಸರ್ದಾರಬಿ ತಮಾಷೆಗೆ ಹೇಳಿರಲಿಲ್ಲ. ದುಬಲಗುಂಡಿ ದಾಟಿದ ಮೇಲೆ ಬರುವ ಅವರ ಊರಿಗೆ ಒಂದೇ ಒಂದು ಬೋರಿಂಗು ಮಂಜೂರಾಗಿತ್ತು. ಕೆಳಗಿನ ಓಣಿಯ ಹೆಂಗಸರು ಹೊಲದ ಬಾವಿಯಿಂದ ನೀರು ಹೊರುತ್ತಿದ್ದರು. ಬೋರಿಂಗು ನಿಮ್ಮ ಓಣಿಗೇ ಎಂದು ಕಸ್ತೂರಿಬಾಯಿ ಸರ್ದಾರಬಿಯ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಳು. ಮಹಾರುದ್ರಪ್ಪನ ಮನಸ್ಸಿನಲ್ಲಿದ್ದದ್ದು ತನ್ನ ತೊಗರಿ ಗೋದಾಮಿನ ಅಂಗಳ. ಮರುದಿನದ ಸಭೆಯಲ್ಲಿ ಕೈ ಎತ್ತಿಸಿ ತೀರ್ಮಾನ ಆಗಬೇಕಿತ್ತು. "ಸಾಹುಕಾರ್ರು ಎದುರಿಗಿದ್ರ ನಾವು ಹ್ಯಾಂಗ ಕೈ ಎತ್ತೋದ್ರಿ? ಅವರನ್ನ ಹೊರಗ ಕಳಸ್ರಿ, ನಿಮ್ಮ ಕಡೀನೇ ಎತ್ತತೀವಿ" ಎಂದು ಸದಸ್ಯರಲ್ಲಿ ಹೆಚ್ಚಿನವರು ಅವಳಿಗೆ ಗುಟ್ಟಾಗಿ ಹೇಳಿದ್ದರು.

ಮರುದಿನ ಸಭೆಗೆ ತಾಲೂಕಿನಿಂದ ಹೊಸ ಅಧಿಕಾರಿ ಬಂದಿದ್ದ. ಮೈಸೂರು ಕಡೆಯ ಹುಡುಗ, ಯಾರು ಯಾರೆಂದು ತಿಳಿಯದವನು. ಕೂತವರ ತಲೆ ಎಣಿಸಿ, "ಒಬ್ಬರು ಜಾಸ್ತಿ ಇದ್ದಾರಲ್ಲ. ಸದಸ್ಯರಲ್ಲದವರನ್ನ ಹೊರಗೆ ಕಳಿಸೋ ಅಧಿಕಾರ ಪ್ರಧಾನರದು" ಎಂದ.

ಕಿಟಕಿಯ ಸರಳುಗಳ ಆಚೆ ಸರ್ದಾರಬಿ, ಅವಳ ಹಿಂದೆ ಓಣಿಯ ಹೆಂಗಸರು. ಕಸ್ತೂರಿಬಾಯಿ ಸ್ಟೂಲಿನಿಂದ ಎದ್ದಳು.

"ಇವರು ಹೊರಗ ಹೋಗಬೇಕ್ರಿ."

"ಇವರು ಅಂತ ನಡಾವಳಿಯಲ್ಲಿ ಬರೆಯೋಕಾಗಲ್ಲಮ್ಮ. ಹೆಸರು ಹೇಳಿ."

ಕಾರ್ಯದರ್ಶಿ ಏಕನಾಥನಿಗೆ ಹೆಸರು ಗೊತ್ತಿತ್ತು. ಅವನು ಪೆನ್ನು ಎತ್ತಿ ಹಿಡಿದು, ತುಟಿಯೊಳಗೇ ನಗುತ್ತ ಅವಳ ಬಾಯನ್ನೇ ನೋಡುತ್ತಿದ್ದ. ಮಹಾರುದ್ರಪ್ಪ ಕುರ್ಚಿಗೆ ಒರಗಿ, "ಹೇಳು ಹೇಳು. ಯಾರನ್ನ ಕಳಸಾಕತ್ತಿ?" ಎಂದ.

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ತಾಯಿ ಕಲಿಸಿದ್ದಳು. ಮದುವೆಯಾದಾಗಿನಿಂದ ಆ ಹೆಸರು ಅವಳ ನಾಲಿಗೆಯ ಮೇಲೆ ಬಂದದ್ದು ಒಂದೇ ದಾರಿಯಿಂದ. ಮದುವೆ, ಸೀಮಂತಗಳಲ್ಲಿ ನಾದಿನಿಯರು ಹೊಸ್ತಿಲಿಗೆ ಅಡ್ಡ ನಿಂತು ಕಾಡಿದಾಗ ಹೇಳುವ ಪ್ರಾಸದ ಸಾಲಿನಲ್ಲಿ, ಒಡಪಿನಲ್ಲಿ. ಒಡಪಿನಲ್ಲಿ ಪೋಣಿಸಿ ಹೇಳಿದರೆ ದೋಷವಿಲ್ಲ. ಅವಳಿಗೆ ಅದೇ ಹೊಳೆಯಿತು. ಕಣ್ಣು ಮುಚ್ಚಿ ಒಂದೇ ಉಸಿರಿಗೆ ಹೇಳಿಬಿಟ್ಟಳು:

"ಬೆಳ್ಳಿ ಬಟ್ಟಲದಾಗ ಬೆಲ್ಲದ ಪಾನಕ,
ಮಹಾರುದ್ರಪ್ಪ ಹೊರಗ ಹೋಗಲಿ ಸಭಾ ಮುಗಿಯೋತನಕ."

ಎಲ್ಲರೂ ಮಾಳಿಗೆ ಹಾರಿಹೋಗುವಂತೆ ನಕ್ಕರು.

"ಶಾಬಾಸ್ ವೈನಿ! ಇನ್ನೊಮ್ಮೆ ಆಗಲಿ!"

"ಸಿನಿಮಾದಾಕಿಗಿಂತ ನಮ್ಮಾಕೀನೇ ಪಾಡ!"

ಅಧಿಕಾರಿ ಚಪ್ಪಾಳೆ ತಟ್ಟಿದ. ಕಿಟಕಿಯಾಚೆ ಹೆಂಗಸರೂ ರೂಢಿಯಂತೆ ಘೊಳ್ಳೆಂದರು. ಸರ್ದಾರಬಿಯೂ ನಕ್ಕಳು.

"ಇದು ಆಟ ಅಲ್ರಿ... ನಾ ಖರೇನೇ ಹೇಳಾಕತ್ತೇನಿ..." ಎಂದಳು ಕಸ್ತೂರಿಬಾಯಿ. ಯಾರಿಗೂ ಕೇಳಿಸಲಿಲ್ಲ.

ಮಹಾರುದ್ರಪ್ಪ ಎದ್ದ. ಹೆಂಡತಿಗೆ ಸೊಂಟ ಬಗ್ಗಿಸಿ ಕೈಮುಗಿದು, ಹೊರಗೆ ನಡೆದೇ ಬಿಟ್ಟ. ಅವಳು ಬರಿದಾದ ಕುರ್ಚಿಯನ್ನು ನೋಡಿದಳು. ಕೂತುಕೊಳ್ಳಲು ಕಾಲು ಮುಂದಿಡುವುದರೊಳಗೆ ಅವನು ಎದುರಿನ ಹೋಟೆಲಿನಿಂದ ಕಾಗದದ ಪೊಟ್ಟಣ ಹಿಡಿದು ಹಾಜರಾದ. "ಒಡಪು ಹಾಕಿದ ಮ್ಯಾಲ ಬಾಯಿ ಸಿಹಿ ಆಗಬ್ಯಾಡ? ತಗೋರಿ ಸಾಹೇಬ್ರ, ಬಿಸಿ ಜಿಲೇಬಿ!"

ಅಧಿಕಾರಿ ಬೇಡ ಬೇಡವೆನ್ನುತ್ತಲೇ ತಗೊಂಡ. ಜಿಲೇಬಿ ಕೊಟ್ಟವನಿಗೆ, ಬಾಯಲ್ಲಿ ಅದೇ ಜಿಲೇಬಿ ಇಟ್ಟುಕೊಂಡು ಹೊರಗೆ ಹೋಗೆನ್ನುವುದು ಹೇಗೆ? ಮಹಾರುದ್ರಪ್ಪ ಮತ್ತೆ ಕುರ್ಚಿಯಲ್ಲಿ ಕೂತ. "ಬೋರಿಂಗಿನ ವಿಷಯ ಓದೋ ಏಕನಾಥ. ಗೋದಾಮಿನ ಅಂಗಳ. ಒಪ್ಪಿಗೆ ಇದ್ದವರು ಕೈ ಎತ್ರಿ." ಗುಟ್ಟಾಗಿ ಮಾತು ಕೊಟ್ಟಿದ್ದವರೂ ಅಂಟು ಕೈಗಳನ್ನೇ ಎತ್ತಿದರು. ಆಮೇಲೆ ಅವನು ಸ್ವಲ್ಪ ಸರಿದು ಜಾಗ ಕೊಟ್ಟ. ಅವಳು ಸಹಿ ಮಾಡಿದಳು.

ಹೊರಗೆ ಬಂದಾಗ ಹೆಂಗಸರಿಗೂ ಜಿಲೇಬಿ ಹಂಚಿ ಆಗಿತ್ತು. ಸರ್ದಾರಬಿ ತನ್ನದನ್ನು ತಿಂದಿರಲಿಲ್ಲ. ಪಾಕ ಅವಳ ಅಂಗೈಯಿಂದ ಮೊಣಕೈಗೆ ಇಳಿಯುತ್ತಿತ್ತು.

"ಒಡಪು ಭಾಳ ಚಂದ ಇತ್ರಿ, ಬಾಯಿ. ನಂಗೂ ನಗಿ ತಡೀಲಿಕ್ಕ ಆಗಲಿಲ್ಲ."

ಸರ್ದಾರಬಿ ಕೈ ತೊಳೆಯಲು ಸುತ್ತ ನೀರು ನೋಡಿದಳು. ಇರಲಿಲ್ಲ. ಸೆರಗಿಗೆ ಒರೆಸಿಕೊಂಡು, ಗೋಡೆಗೆ ಒರಗಿಸಿದ್ದ ಕೊಡ ಎತ್ತಿಕೊಂಡು ಹೊಲದ ದಾರಿ ಹಿಡಿದಳು.